ಹಟ್ಟಿಯ ಹಾಳಾದ ವೈರು: ಯಾವುದನ್ನು ನಾವೇ ಸರಿಪಡಿಸಬಹುದು, ಯಾವುದನ್ನು ಮುಟ್ಟಬಾರದು?



ಹಿಂದೆ ಹಟ್ಟಿಯ ಬೆಳಕು ಎಂದರೆ ಒಂದು ಲಾಟೀನು ಅಷ್ಟೇ. ಈಗ ಬೆಳುವಾಯಿ ಮತ್ತು ಸುತ್ತಮುತ್ತಲಿನ ಊರುಗಳಲ್ಲಿ ಎರಡು ದನ ಕಟ್ಟಿದವರ ಹಟ್ಟಿಯಲ್ಲೂ ಬಲ್ಬು, ಫ್ಯಾನು, ತೊಳೆಯಲು ಪಂಪು ಇರುವುದು ಸಾಮಾನ್ಯ. ಐದಾರು ದನ ಇದ್ದವರು ಹುಲ್ಲು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಗಳನ್ನೂ ಇಟ್ಟುಕೊಂಡಿದ್ದಾರೆ. ಇದರಿಂದ ದುಡಿಮೆ ಹಗುರವಾಗಿದೆ, ಸಂತೋಷವೇ. ಆದರೆ ಯಂತ್ರದ ಜೊತೆಗೆ ವೈರೂ ಹಟ್ಟಿಯೊಳಗೆ ಬಂದಿದೆ. ಯಂತ್ರಕ್ಕೆ ಎಣ್ಣೆ ಬಿಡುವ ನಾವು ವೈರಿನ ಕಡೆ ನೋಡುವುದು ಅದು ಹೊಗೆಯಾಡಿದಾಗ ಮಾತ್ರ.

ವೈರು ಸುಲಿದಿದ್ದರೆ ಅದರ ಮೇಲೆ ಒಂದು ಸುತ್ತು ಟೇಪು, ಟೇಪು ಸಿಗದಿದ್ದರೆ ಹಾಲಿನ ಪ್ಯಾಕೆಟ್ಟಿನ ತುಂಡು. ಇಂತಹ ‘ರಿಪೇರಿ’ ಒಣ ಕೋಣೆಯಲ್ಲಿ ಕೆಲವು ದಿನ ನಡೆದೀತು. ನೀರು, ಸೆಗಣಿ, ಗೋಮೂತ್ರ ಇರುವ ಹಟ್ಟಿಯಲ್ಲಿ ಅದು ಒಂದು ಜೀವಕ್ಕೆ ಇಟ್ಟ ಬಲೆ. ಅದು ದನದ ಜೀವವಾಗಬಹುದು, ಬೆಳಿಗ್ಗೆ ಐದು ಗಂಟೆಗೆ ಬರಿಗಾಲಲ್ಲಿ ಹಾಲು ಕರೆಯಲು ಹೋಗುವ ಮನೆಯವರ ಜೀವವೂ ಆಗಬಹುದು. ಆದುದರಿಂದ ಹಾಳಾದ ವೈರಿನ ವಿಷಯದಲ್ಲಿ ನಾವು ತಿಳಿದಿರಬೇಕಾದ ಪಾಠವನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಹಟ್ಟಿಯ ವೈರು ಬೇಗ ಕೆಡುವುದೇಕೆ?

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಈ ತಿಂಗಳುಗಳಲ್ಲಿ ಹಟ್ಟಿಯ ಗೋಡೆ ಒಣಗುವುದೇ ಇಲ್ಲ. ಸೀಳಿದ ವೈರಿನೊಳಗೆ ಸೇರಿದ ತೇವ ಅಲ್ಲೇ ಉಳಿಯುತ್ತದೆ.

ಎರಡನೆಯ ಕಾರಣ ಗೋಮೂತ್ರ. ಅದರಿಂದ ಏಳುವ ಅಮೋನಿಯಾ ಗಾಳಿ ತೇವದೊಂದಿಗೆ ಸೇರಿ ತಾಮ್ರವನ್ನು ತಿನ್ನುತ್ತದೆ. ಹಟ್ಟಿಯ ಹೋಲ್ಡರ್, ಸ್ವಿಚ್ಚುಗಳನ್ನು ಬಿಚ್ಚಿದರೆ ತಂತಿಯ ತುದಿ ಹಸಿರುಗಟ್ಟಿರುವುದು ಕಾಣುತ್ತದಲ್ಲವೇ? ಅದು ಇದರ ಗುರುತು. ಹಸಿರುಗಟ್ಟಿದ ತಂತಿಯ ಜೋಡಣೆ ಸಡಿಲವಾಗುತ್ತದೆ, ಬಿಸಿಯಾಗುತ್ತದೆ.

ಮೂರನೆಯದು ಇಲಿ. ಹಿಂಡಿ, ಬೂಸಾ ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಬೈಹುಲ್ಲಿನ ಅಟ್ಟದ ಮೇಲೆ ಹಾದು ಹೋದ ವೈರನ್ನು ಅದು ಕಚ್ಚಿದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಕಿಡಿ ಹಾರಿದರೆ ಬೈಹುಲ್ಲಿನ ಜೊತೆಗೆ ಹಟ್ಟಿಯೂ ಹೋಗುತ್ತದೆ.

ಇವಲ್ಲದೆ ಬಿಸಿಲಿಗೆ ವೈರಿನ ಹೊದಿಕೆ ಬಿರಿಯುವುದು, ದನ ಕೊಂಬಿನಿಂದ ತಿಕ್ಕುವುದು, ಕರು ಜಗಿಯುವುದು, ಅಂಗಳದ ವೈರಿನ ಮೇಲೆ ಅಡಿಕೆ ಸೋಗೆ ಅಥವಾ ತೆಂಗಿನ ಮಡಲು ಬೀಳುವುದು ಇದ್ದೇ ಇದೆ.

ಕರೆಂಟು ಕೊಲ್ಲುವುದು ಹೇಗೆ?

ನಮ್ಮ ಮನೆಗೆ ಬರುವ ಸಿಂಗಲ್ ಫೇಸ್ ವಿದ್ಯುತ್ತಿನ ಒತ್ತಡ ಸುಮಾರು 230 ವೋಲ್ಟ್. ಆದರೆ ಜೀವ ತೆಗೆಯುವುದು ದೇಹದೊಳಗೆ ಹರಿಯುವ ಕರೆಂಟು, ಅಂದರೆ ಆಂಪಿಯರ್. ಒಂದು ಆಂಪಿಯರಿನ ಸಾವಿರದಲ್ಲೊಂದು ಭಾಗವೇ ಮಿಲಿ ಆಂಪಿಯರ್. ಒಂದು ಮಿಲಿ ಆಂಪಿಯರ್ ಹರಿದಾಗ ಜುಮ್ಮೆನ್ನುತ್ತದೆ. ಸುಮಾರು 10 ಮಿಲಿ ಆಂಪಿಯರ್ ಮೀರಿದರೆ ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 50ರಿಂದ 100 ಮಿಲಿ ಆಂಪಿಯರ್ ಒಂದೆರಡು ಸೆಕೆಂಡು ಎದೆಯ ಮೂಲಕ ಹಾದುಹೋದರೆ ಹೃದಯದ ಬಡಿತ ತಪ್ಪಿ ಪ್ರಾಣ ಹೋಗಬಹುದು.

ಈಗ ಲೆಕ್ಕ ನೋಡೋಣ. ಒದ್ದೆ ಕೈ, ಬರಿಗಾಲಿನ ಮನುಷ್ಯನ ದೇಹದ ತಡೆಯನ್ನು ಸುಮಾರು 1,000 ಓಮ್ ಎಂದು ಹಿಡಿಯೋಣ. 230 ವೋಲ್ಟನ್ನು 1,000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಇದು ಜೀವ ತೆಗೆಯಲು ಬೇಕಾದುದಕ್ಕಿಂತ ಎರಡು ಪಟ್ಟು ಹೆಚ್ಚು. ಅದೇ ಹೊತ್ತಿಗೆ, 6 ಆಂಪಿಯರಿನ ಫ್ಯೂಸಿಗೆ ಈ 0.23 ಆಂಪಿಯರ್ ಒಂದು ಸಣ್ಣ ಬಲ್ಬು ಉರಿದಂತೆ ಮಾತ್ರ. ಅದು ಸುಡುವುದಿಲ್ಲ. “ಫ್ಯೂಸ್ ಇದೆ, ಹೆದರಬೇಕಿಲ್ಲ” ಎಂಬ ಮಾತು ಎಷ್ಟು ತಪ್ಪು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಫ್ಯೂಸ್ ಮತ್ತು ಎಂ.ಸಿ.ಬಿ.ಗಳು ಇರುವುದು ವೈರು ಸುಡದಂತೆ ಕಾಯಲು. ಅವು ಮನುಷ್ಯನನ್ನು ಕಾಯುವುದಿಲ್ಲ.

ದನಕ್ಕೆ ಅಪಾಯ ಹೆಚ್ಚು

ದನಕ್ಕೆ ಚಪ್ಪಲಿ ಇಲ್ಲ. ಅದು ನಿಂತಿರುವುದು ಒದ್ದೆ ನೆಲದಲ್ಲಿ, ಕಟ್ಟಿರುವುದು ಹೆಚ್ಚಾಗಿ ಕಬ್ಬಿಣದ ಸರಪಳಿಯಲ್ಲಿ. ಅದರ ದೇಹದ ತಡೆ ಮನುಷ್ಯನದಕ್ಕಿಂತ ಕಡಿಮೆ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿದೆ, ಹೃದಯ ಇರುವುದು ಇವೆರಡರ ನಡುವೆ. ನೆಲಕ್ಕೆ ಕರೆಂಟು ಸೋರಿದಾಗ ಎರಡು ಕಾಲು ಹತ್ತಿರ ಇಟ್ಟು ನಿಂತ ಮನುಷ್ಯ ಪಾರಾಗಬಹುದು. ಅದೇ ಜಾಗದಲ್ಲಿ ನಿಂತ ದನ ಕುಸಿದು ಬೀಳಬಹುದು.

ಕೊಲ್ಲುವಷ್ಟು ಇಲ್ಲದ ಸೋರಿಕೆಯಿಂದಲೂ ನಷ್ಟವಿದೆ. ಕೆಲವೇ ವೋಲ್ಟಿನ ಸೋರಿಕೆ ನಮಗೆ ಗೊತ್ತಾಗದಿದ್ದರೂ ದನಕ್ಕೆ ಗೊತ್ತಾಗುತ್ತದೆ. ಅದರ ಲಕ್ಷಣಗಳು ಹೀಗಿವೆ:

- ಒಂದು ನಿರ್ದಿಷ್ಟ ತೊಟ್ಟಿಯ ನೀರಿಗೆ ಬಾಯಿ ಹಾಕಲು ಹಿಂಜರಿಯುವುದು, ನಾಲಿಗೆಯಿಂದ ನೆಕ್ಕಿ ಬಿಡುವುದು.
- ಪಂಪು ಅಥವಾ ಯಂತ್ರ ಚಾಲು ಮಾಡಿದ ಕೂಡಲೇ ಕಾಲು ಎತ್ತಿ ಎತ್ತಿ ಇಡುವುದು, ಒದೆಯುವುದು.
- ಒಂದು ಜಾಗದಲ್ಲಿ ನಿಲ್ಲಲು ಒಪ್ಪದಿರುವುದು, ಹಟ್ಟಿಗೆ ಬರಲು ಹೆದರುವುದು.
- ಹಾಲು ಪೂರ್ತಿ ಬಿಡದಿರುವುದು.

ಹೆದರಿದ ದನ ಸೊರ ಬಿಡುವುದಿಲ್ಲ ಎಂಬುದು ನಮಗೆಲ್ಲ ಅನುಭವದಿಂದ ಗೊತ್ತು. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲುಬಾವಿಗೂ ದಾರಿಯಾಗುತ್ತದೆ. ಇಂತಹ ಲಕ್ಷಣಗಳಿಗೆ ಬೇರೆ ಕಾಯಿಲೆಯೂ ಕಾರಣವಿರಬಹುದು. ಪಶುವೈದ್ಯರಿಗೆ ತೋರಿಸಿ, ಅದರ ಜೊತೆಗೆ ವಿದ್ಯುತ್ ಸೋರಿಕೆಯನ್ನೂ ಪರೀಕ್ಷಿಸಿರಿ.

ಯಾವುದು ನಮ್ಮ ಕೆಲಸ, ಯಾವುದು ಅಲ್ಲ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದು 2023ರಲ್ಲಿ ಪರಿಷ್ಕೃತವಾಗಿವೆ. ಅವುಗಳಿಗೆ ಮೊದಲು 1956ರ ಭಾರತೀಯ ವಿದ್ಯುತ್ ನಿಯಮಗಳಿದ್ದವು. ಇವುಗಳ ತಿರುಳು ಇಷ್ಟು: ಬಲ್ಬು, ಫ್ಯಾನು, ಫ್ಯೂಸ್, ಸ್ವಿಚ್ಚು, ಮನೆಬಳಕೆಯ ಉಪಕರಣಗಳಂತಹವನ್ನು ಅದೇ ಸಾಮರ್ಥ್ಯದ ಹೊಸದಕ್ಕೆ ಬದಲಿಸುವುದನ್ನು ಬಿಟ್ಟು, ಹೊಸ ವೈರಿಂಗ್, ವಿಸ್ತರಣೆ, ರಿಪೇರಿ ಎಲ್ಲವನ್ನೂ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ಇದರ ಪ್ರಕಾರ ಕೆಲಸವನ್ನು ಮೂರು ಭಾಗ ಮಾಡಿಕೊಳ್ಳೋಣ.

ಮೊದಲನೆಯದು, ಮೆಸ್ಕಾಂನ ಕೆಲಸ. ಕಂಬದಿಂದ ಮೀಟರ್‌ವರೆಗಿನ ಸರ್ವಿಸ್ ವೈರು, ಮೀಟರ್ ಮತ್ತು ಅದರ ಸೀಲು, ಕಂಬ ಮತ್ತು ಕಂಬದ ಸ್ಟೇ ತಂತಿ. ಇವು ಹಾಳಾದರೆ ಶಾಖಾ ಕಚೇರಿಗೆ ಅಥವಾ 1912 ಸಂಖ್ಯೆಗೆ ತಿಳಿಸಬೇಕು. ನಾವು ಕೈ ಹಾಕಬಾರದು. ಮನೆಯ ಮೈನ್ ಸ್ವಿಚ್ಚನ್ನು ಆಫ್ ಮಾಡಿದರೂ ಸರ್ವಿಸ್ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ.

ಎರಡನೆಯದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ಗೋಡೆಯ ಮೇಲಿನ ಅಥವಾ ಪೈಪಿನೊಳಗಿನ ವೈರಿಂಗ್, ಮನೆಯಿಂದ ಹಟ್ಟಿಗೆ ಎಳೆದ ಲೈನು, ಬಾವಿ ಮತ್ತು ಕೊಳವೆಬಾವಿಯ ಪಂಪಿನ ಕೇಬಲ್, ಹುಲ್ಲು ಕತ್ತರಿಸುವ ಮತ್ತು ಹಾಲು ಕರೆಯುವ ಯಂತ್ರದ ಮೋಟಾರು, ಮೂರು ಫೇಸಿನ ಯಾವುದೇ ಕೆಲಸ, ಅರ್ತಿಂಗ್. ಮೀಟರಿನ ನಂತರದ ವೈರಿಂಗ್ ಗ್ರಾಹಕರದೇ ಜವಾಬ್ದಾರಿ ಎಂಬುದು ನೆನಪಿರಲಿ. ಅಲ್ಲಿ ಅವಘಡವಾದರೆ ಮೆಸ್ಕಾಂನತ್ತ ಬೆರಳು ತೋರಿಸುವಂತಿಲ್ಲ.

ಮೂರನೆಯದು, ನಾವು ಮಾಡಬಹುದಾದದ್ದು. ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದುಕೊಳ್ಳಬಹುದಾದ ಸಣ್ಣ ಉಪಕರಣದ ವೈರು, ಉದಾಹರಣೆಗೆ ಟೇಬಲ್ ಫ್ಯಾನು, ಕೈದೀಪ, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ಈ ವೈರನ್ನು ಚಿಕ್ಕದು ಮಾಡಿ ಪ್ಲಗ್ಗು ಹಾಕುವುದು, ಹಾಳಾದ ಪ್ಲಗ್ಗನ್ನು ಬದಲಿಸುವುದು. ಪ್ಲಗ್ಗು ಕೈಯಲ್ಲಿ ಇರುವವರೆಗೆ ಆ ವೈರಿನಲ್ಲಿ ಕರೆಂಟು ಬರಲು ದಾರಿಯೇ ಇಲ್ಲ, ಆದ್ದರಿಂದ ಇದು ಸುರಕ್ಷಿತ.

ಸರಿಪಡಿಸುವ ಕ್ರಮ

1. ಮೊದಲು ಸ್ವಿಚ್ಚು ಆಫ್ ಮಾಡಿ ಪ್ಲಗ್ಗು ಕೀಳಿರಿ. ಸ್ವಿಚ್ಚು ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ತಂತಿಯ ಮೇಲೆ ಇರುವುದುಂಟು. ಆಗ ಸ್ವಿಚ್ಚು ಆಫ್ ಇದ್ದರೂ, ಬಲ್ಬು ಉರಿಯದಿದ್ದರೂ, ವೈರಿನಲ್ಲಿ ಪೂರ್ಣ 230 ವೋಲ್ಟ್ ಇರುತ್ತದೆ. ಪ್ಲಗ್ಗನ್ನು ವೈರು ಹಿಡಿದು ಎಳೆಯಬೇಡಿ, ಅದರ ಮೈ ಹಿಡಿದು ಕೀಳಿರಿ.

2. ಕಿತ್ತ ಪ್ಲಗ್ಗನ್ನು ಕೆಲಸ ಮುಗಿಯುವವರೆಗೆ ನಿಮ್ಮ ಕಣ್ಣೆದುರಿಗೇ ಇಟ್ಟುಕೊಳ್ಳಿರಿ. “ಯಾರೋ ಹಾಕಿಬಿಟ್ಟರು” ಎಂಬ ಸಂದರ್ಭ ಬರಬಾರದು. ಒಣ ಜಾಗದಲ್ಲಿ, ಮೇಜಿನ ಮೇಲೆ, ಹಗಲು ಬೆಳಕಿನಲ್ಲಿ ಕೆಲಸ ಮಾಡಿರಿ. ಹಟ್ಟಿಯೊಳಗೆ ಮಾಡುವುದು ಬೇಡ.

3. ವೈರಿನ ಉದ್ದಕ್ಕೂ ಬೆರಳಾಡಿಸಿ ನೋಡಿರಿ. ಒಂದು ಕಡೆ ಸುಲಿದಿದ್ದರೆ ಇನ್ನೊಂದೆರಡು ಕಡೆ ಬಿರಿದಿರುವ ಸಾಧ್ಯತೆ ಹೆಚ್ಚು. ಹೊದಿಕೆ ಗಟ್ಟಿಯಾಗಿ, ಬಗ್ಗಿಸಿದರೆ ಸೀಳುವಂತಿದ್ದರೆ ಅದರ ಆಯುಷ್ಯ ಮುಗಿದಿದೆ. ಅಂತಹ ವೈರನ್ನು ಪೂರ್ತಿ ಬದಲಾಯಿಸಬೇಕು. ಉಪಕರಣವನ್ನು ಬಿಚ್ಚಿ ಒಳಗಿನ ತುದಿಯನ್ನು ಜೋಡಿಸುವ ಕೆಲಸವನ್ನು ರಿಪೇರಿಯವರಿಗೆ ಕೊಡುವುದೇ ಲೇಸು.

4. ಹಾನಿ ಪ್ಲಗ್ಗಿನ ಹತ್ತಿರವೇ ಇದ್ದರೆ (ಹೆಚ್ಚಾಗಿ ಇರುವುದು ಅಲ್ಲೇ) ಹಾಳಾದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಕತ್ತರಿಸಿದ ತುದಿಯಲ್ಲಿ ತಾಮ್ರ ಹೊಳೆಯುತ್ತಿರಬೇಕು. ಕಪ್ಪು ಅಥವಾ ಹಸಿರು ಬಣ್ಣ ಕಂಡರೆ ಇನ್ನೂ ಸ್ವಲ್ಪ ಕತ್ತರಿಸಿರಿ. ವೈರು ಸ್ವಲ್ಪ ಗಿಡ್ಡವಾದರೆ ನಷ್ಟವಿಲ್ಲ.

5. ಐ.ಎಸ್.ಐ. ಗುರುತಿನ ಮೂರು ಪಿನ್ನಿನ ಪ್ಲಗ್ಗು ತನ್ನಿರಿ. ಹೊರ ಹೊದಿಕೆಯನ್ನು ಸುಮಾರು 4 ಸೆಂ.ಮೀ. ಬಿಡಿಸಿರಿ. ಒಳಗಿನ ಬಣ್ಣದ ಹೊದಿಕೆಗೆ ಕತ್ತಿ ತಾಗಬಾರದು. ಒಳತಂತಿಗಳ ತುದಿಯಲ್ಲಿ ಒಂದು ಸೆಂ.ಮೀ. ಮಾತ್ರ ಸುಲಿಯಿರಿ. ಎಳೆಗಳು ತುಂಡಾಗದಂತೆ ನೋಡಿಕೊಳ್ಳಿರಿ. ಹತ್ತು ಎಳೆಯಲ್ಲಿ ನಾಲ್ಕು ತುಂಡಾದರೆ ಉಳಿದ ಆರರ ಮೇಲೆ ಹತ್ತರ ಭಾರ ಬೀಳುತ್ತದೆ.

6. ಬಣ್ಣ ನೋಡಿ ಜೋಡಿಸಿರಿ. ಉಪಕರಣದ ಈಗಿನ ವೈರುಗಳಲ್ಲಿ ಕಂದು ಬಣ್ಣ ಫೇಸ್, ನೀಲಿ ನ್ಯೂಟ್ರಲ್, ಹಸಿರು ಅಥವಾ ಹಸಿರು-ಹಳದಿ ಪಟ್ಟೆ ಅರ್ತ್. ಹಳೆಯವುಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಪ್ಲಗ್ಗಿನೊಳಗೆ ಫೇಸಿಗೆ ಎಲ್, ನ್ಯೂಟ್ರಲಿಗೆ ಎನ್, ಅರ್ತಿಗೆ ಇ ಎಂಬ ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ. ದಪ್ಪ, ಉದ್ದ ಪಿನ್ನು ಅರ್ತಿನದು. ಬಣ್ಣ ತಿಳಿಯದಿದ್ದರೆ ಊಹಿಸಿ ಜೋಡಿಸಬೇಡಿ. ಫೇಸ್ ಮತ್ತು ಅರ್ತ್ ಅದಲುಬದಲಾದರೆ ಉಪಕರಣದ ಲೋಹದ ಮೈಗೇ ಕರೆಂಟು ಬರುತ್ತದೆ.

7. ಅರ್ತ್ ತಂತಿಯನ್ನು ಉಳಿದ ಎರಡಕ್ಕಿಂತ ಸ್ವಲ್ಪ ಉದ್ದ ಬಿಡಿರಿ. ಯಾರಾದರೂ ವೈರು ಎಳೆದು ತಂತಿಗಳು ಕಿತ್ತುಬಂದರೆ ಕೊನೆಗೆ ಕೀಳುವುದು ಅರ್ತ್ ಆಗಿರಬೇಕು.

8. ಎಳೆಗಳನ್ನು ಹೊಸೆದು, ಸ್ಕ್ರೂ ಬಿಗಿದು, ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಿರಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ಪ್ಲಗ್ಗಿನೊಳಗಿನ ಹಿಡಿಕೆ ಪಟ್ಟಿ ವೈರಿನ ಹೊರ ಹೊದಿಕೆಯನ್ನೇ ಕಚ್ಚಿ ಹಿಡಿಯಬೇಕು, ಒಳತಂತಿಗಳನ್ನಲ್ಲ. ಅನಂತರ ಮುಚ್ಚಳ ಹಾಕಿರಿ.

9. ಒಣ ಕೈ, ರಬ್ಬರ್ ಚಪ್ಪಲಿ ಹಾಕಿ, ಪ್ಲಗ್ಗು ಹಾಕಿದ ಮೇಲೆ ಸ್ವಿಚ್ಚು ಒತ್ತಿರಿ. ಐದು ನಿಮಿಷದ ನಂತರ ಸ್ವಿಚ್ಚು ಆಫ್ ಮಾಡಿ, ಪ್ಲಗ್ಗು ಕಿತ್ತು, ಅದರ ಮೈ ಮುಟ್ಟಿ ನೋಡಿರಿ. ಬಿಸಿಯಾಗಿದ್ದರೆ ಜೋಡಣೆ ಸಡಿಲವಾಗಿದೆ, ಅಥವಾ ಸಾಕೆಟ್ಟು ಸವೆದಿದೆ.

ಟೆಸ್ಟರ್ ಬಗ್ಗೆ ಎರಡು ಮಾತು. ಟೆಸ್ಟರ್ ಉರಿಯದಿದ್ದರೆ ಕರೆಂಟು ಇಲ್ಲ ಎಂದು ನಂಬಬಾರದು. ಟೆಸ್ಟರೇ ಕೆಟ್ಟಿರಬಹುದು, ಬಿಸಿಲಿನಲ್ಲಿ ಅದರ ಬೆಳಕು ಕಾಣದಿರಬಹುದು. ಮೊದಲು ಕರೆಂಟು ಇರುವ ಸಾಕೆಟ್ಟಿನಲ್ಲಿ ನೋಡಿ, ಅನಂತರ ಬೇಕಾದಲ್ಲಿ ನೋಡಿ, ಮತ್ತೆ ಮೊದಲಿನ ಸಾಕೆಟ್ಟಿನಲ್ಲಿ ನೋಡಬೇಕು. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಮೈನ್ ಸ್ವಿಚ್ಚು ಆಫ್ ಮಾಡಿದ ಮೇಲೂ ಅದರಿಂದ 230 ವೋಲ್ಟ್ ಬರುತ್ತಲೇ ಇರುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಇನ್‌ವರ್ಟರ್ ಎಲ್ಲಿದೆ ಎಂದು ನೀವೇ ಮೊದಲು ಹೇಳಿರಿ.

ನಡುವೆ ಜೋಡಣೆ ಏಕೆ ಬೇಡ?

ವೈರಿನ ನಡುವೆ ಹಾಳಾದಾಗ ಕತ್ತರಿಸಿ, ಎರಡು ತುದಿ ಹೊಸೆದು, ಟೇಪು ಸುತ್ತುವುದು ನಮ್ಮಲ್ಲಿ ರೂಢಿ. ಆ ಹೊಸೆತ ಸಡಿಲವಾಗಿ ಕೇವಲ ಅರ್ಧ ಓಮ್ ತಡೆ ಬಂತೆಂದು ಇಟ್ಟುಕೊಳ್ಳಿ. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಪಂಪು ಸುಮಾರು 6 ಆಂಪಿಯರ್ ಎಳೆಯುತ್ತದೆ. ಆಗ ಆ ಒಂದು ಬಿಂದುವಿನಲ್ಲಿ ಹುಟ್ಟುವ ಶಾಖ 6 x 6 x 0.5, ಅಂದರೆ 18 ವಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಾವಿನ ಕಡ್ಡಿ 25 ವಾಟಿನದು. ಅದಕ್ಕೆ ಹತ್ತಿರದ ಶಾಖ ಬೈಹುಲ್ಲಿನ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತಂತಾಯಿತು. ಟೇಪಿನ ಅಂಟು ಮೊದಲು ಕರಗುತ್ತದೆ, ಟೇಪು ಬಿಚ್ಚಿಕೊಳ್ಳುತ್ತದೆ, ಬರಿ ತಾಮ್ರ ಹೊರಗೆ ಬರುತ್ತದೆ.

ಆದುದರಿಂದ ಉಪಕರಣದ ವೈರಿಗೆ ನಡುವೆ ಜೋಡಣೆ ಬೇಡವೇ ಬೇಡ. ಗೋಡೆಯ ವೈರಿಂಗಿನಲ್ಲಿ ಜೋಡಣೆ ಅನಿವಾರ್ಯವಾದರೆ ಎಲೆಕ್ಟ್ರಿಷಿಯನ್ನರಿಂದ ಜಂಕ್ಷನ್ ಬಾಕ್ಸಿನೊಳಗೆ ಸ್ಕ್ರೂ ಕನೆಕ್ಟರ್ ಹಾಕಿಸಿರಿ. ಬಟ್ಟೆ ಟೇಪು, ಕಾಗದದ ಟೇಪು, ಪ್ಲಾಸ್ಟಿಕ್ ತೊಟ್ಟೆ, ಸೈಕಲ್ ಟ್ಯೂಬು ಇವು ಯಾವುವೂ ವಿದ್ಯುತ್ ತಡೆಯುವ ಸಾಧನಗಳಲ್ಲ. ಒಳ್ಳೆಯ ಪಿ.ವಿ.ಸಿ. ಟೇಪು ಕೂಡ ಹಟ್ಟಿಯ ತೇವದಲ್ಲಿ ಶಾಶ್ವತ ಪರಿಹಾರವಲ್ಲ.

ಹೊಸ ವೈರು ಹಾಕಿಸುವಾಗ ಐ.ಎಸ್.ಐ. ಗುರುತಿನ ತಾಮ್ರದ ವೈರನ್ನೇ ಕೇಳಿರಿ. ಬಲ್ಬು-ಫ್ಯಾನಿನ ಲೈನಿಗೆ 1.5 ಚದರ ಮಿ.ಮೀ., 16 ಆಂಪಿಯರ್ ಸಾಕೆಟ್ಟಿಗೆ 2.5 ಅಥವಾ 4 ಚದರ ಮಿ.ಮೀ. ಬೇಕು. ಹಟ್ಟಿ ಮನೆಯಿಂದ ದೂರವಿದ್ದಷ್ಟೂ ದಪ್ಪ ವೈರು ಬೇಕಾಗುತ್ತದೆ. ಹಟ್ಟಿಯೊಳಗೆ ವೈರು ಪಿ.ವಿ.ಸಿ. ಪೈಪಿನಲ್ಲೇ ಹಾಯಬೇಕು, ದನದ ಬಾಯಿಗೆ, ಕೊಂಬಿಗೆ, ತೊಳೆಯುವ ನೀರಿಗೆ ಎಟುಕಬಾರದು. ಸ್ವಿಚ್ ಬೋರ್ಡು ಹಟ್ಟಿಯ ಹೊರಗೆ, ಮಳೆ ಬೀಳದ ಜಗಲಿಯಲ್ಲಿದ್ದರೆ ಅತ್ಯುತ್ತಮ.

ಅರ್ತ್ ಮತ್ತು ಆರ್.ಸಿ.ಸಿ.ಬಿ.

ಮೋಟಾರಿನ ಮೈಗೆ ಫೇಸ್ ತಾಗಿದಾಗ ಕರೆಂಟು ಅರ್ತ್ ತಂತಿಯ ಮೂಲಕ ಭೂಮಿಗೆ ಹರಿದು ಫ್ಯೂಸ್ ಸುಡಬೇಕು ಎಂಬುದು ಲೆಕ್ಕಾಚಾರ. ಆದರೆ ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅರ್ತ್ ಗುಂಡಿಯ ತಡೆ 20 ಓಮ್ ಆದರೂ ಸಾಕು, 230ನ್ನು 20ರಿಂದ ಭಾಗಿಸಿದಾಗ 11.5 ಆಂಪಿಯರ್ ಮಾತ್ರ ಹರಿಯುತ್ತದೆ. 16 ಆಂಪಿಯರಿನ ಫ್ಯೂಸ್ ಸುಡುವುದಿಲ್ಲ. ಮೋಟಾರು ಮುಟ್ಟಿದವರಿಗಾಗಿ ಕಾದಿರುತ್ತದೆ.

ಇದಕ್ಕೆ ಪರಿಹಾರ ಆರ್.ಸಿ.ಸಿ.ಬಿ. ಎಂಬ ಸಾಧನ. ಇದು ಫೇಸಿನಲ್ಲಿ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲಿನಲ್ಲಿ ಹಿಂದೆ ಬಂತೇ ಎಂದು ಸದಾ ಅಳೆಯುತ್ತದೆ. ಹಾಲು ಅಳೆದು ಕೊಟ್ಟು, ಕ್ಯಾನಿನಲ್ಲಿ ಮತ್ತೆ ಅಳೆದು ತಾಳೆ ನೋಡಿದಂತೆ. ನಡುವೆ 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಅರ್ತ್ ತಡೆ 100 ಓಮ್ ಇದ್ದರೂ 2.3 ಆಂಪಿಯರ್ ಹರಿಯುವುದರಿಂದ ಇದು ಕೆಲಸ ಮಾಡಿಯೇ ಮಾಡುತ್ತದೆ. ಹಟ್ಟಿಯ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸುವುದಕ್ಕೆ ತಗಲುವ ಖರ್ಚು ಒಂದು ಮಿಶ್ರತಳಿ ದನದ ಬೆಲೆಯ ಮುಂದೆ ಏನೇನೂ ಅಲ್ಲ.

ಅದರ ಮೇಲೆ ಇರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿರಿ, ಲೈನು ಕಡಿಯದಿದ್ದರೆ ಬದಲಿಸಿರಿ. ಅದು ಪದೇ ಪದೇ ಬೀಳುತ್ತಿದ್ದರೆ “ಇದರಿಂದ ತೊಂದರೆ” ಎಂದು ಕಿತ್ತು ಹಾಕಬೇಡಿ. ಎಲ್ಲೋ ಸೋರಿಕೆ ಇದೆ ಎಂದು ಅದು ಹೇಳುತ್ತಿದೆ. ಹಾಗೆಂದು ಅದೂ ಎಲ್ಲದಕ್ಕೂ ಮದ್ದಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದು ಉಳಿಸಲಾರದು.

ಇನ್ನೆರಡು ದುರಭ್ಯಾಸಗಳನ್ನು ಬಿಡಬೇಕು. ಫ್ಯೂಸ್ ಸುಟ್ಟಾಗ ದಪ್ಪ ತಾಮ್ರದ ತಂತಿ ಕಟ್ಟುವುದು ಒಂದು. ನ್ಯೂಟ್ರಲ್ ಹೋದಾಗ ಅರ್ತ್ ತಂತಿಯನ್ನೇ ನ್ಯೂಟ್ರಲ್ ಆಗಿ ಬಳಸಿ ಪಂಪು ಓಡಿಸುವುದು ಇನ್ನೊಂದು. ಎರಡನೆಯದರಲ್ಲಿ ಅರ್ತಿಗೆ ಜೋಡಿಸಿದ ಎಲ್ಲ ಲೋಹಕ್ಕೂ, ಗುಂಡಿಯ ಸುತ್ತಲಿನ ನೆಲಕ್ಕೂ ಕರೆಂಟು ಬರುತ್ತದೆ.

ಬಟ್ಟೆ ಒಣಗಿಸುವ ತಂತಿ, ತುಂಡಾದ ತಂತಿ

ಮನೆಯಿಂದ ಹಟ್ಟಿಗೆ ವೈರು ಎಳೆದ ಕಂಬಕ್ಕೇ ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯನ್ನು ಕಟ್ಟುವ ಪದ್ಧತಿ ಇದೆ. ಗಾಳಿಗೆ ಉಜ್ಜಿ ವೈರಿನ ಹೊದಿಕೆ ಸವೆದರೆ, ಒದ್ದೆ ಬಟ್ಟೆ ಹರವಲು ಹೋದ ತಾಯಂದಿರ ಕೈಗೆ ಸಿಗುವುದು 230 ವೋಲ್ಟ್. ಇಂದೇ ಅದನ್ನು ಬಿಚ್ಚಿ ನೈಲಾನ್ ಹಗ್ಗ ಕಟ್ಟಿರಿ. ಬಿಚ್ಚುವ ಮೊದಲು ಮೈನ್ ಸ್ವಿಚ್ಚು, ಇನ್‌ವರ್ಟರ್ ಎರಡನ್ನೂ ಆಫ್ ಮಾಡಿರಿ. ಆ ಕಂಬಕ್ಕೆ ಸರ್ವಿಸ್ ವೈರೂ ಬಂದಿದ್ದರೆ ಮೆಸ್ಕಾಂನವರನ್ನು ಕರೆಯಿರಿ.

ಮಳೆಗಾಳಿಗೆ ತುಂಡಾಗಿ ಬಿದ್ದ ಲೈನು ತಂತಿ ಸತ್ತ ಹಾವಲ್ಲ. 2023ರ ನವೆಂಬರ್ 19ರಂದು ಬೆಂಗಳೂರಿನ ಹೋಪ್ ಫಾರ್ಮ್ ಬಳಿ ಕಾಲುದಾರಿಯಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ ಮತ್ತು ಎಳೆಯ ಮಗು ತೀರಿಕೊಂಡರು. 2024ರ ಜೂನ್ ಕೊನೆಯ ವಾರ ಮಂಗಳೂರಿನ ಪಾಂಡೇಶ್ವರದ ರೊಸಾರಿಯೊ ಬಳಿ ಮಳೆಯಲ್ಲಿ ತುಂಡಾಗಿದ್ದ ತಂತಿ ತಗಲಿ ಒಬ್ಬ ಆಟೋ ಚಾಲಕರು ಬಿದ್ದಾಗ, ಅವರನ್ನು ಉಳಿಸಲು ಹೋದ ಇನ್ನೊಬ್ಬ ಚಾಲಕರೂ ಪ್ರಾಣ ಕಳೆದುಕೊಂಡರು. ಈ ಎರಡನೆಯ ಘಟನೆ ನಮಗೆ ದೊಡ್ಡ ಪಾಠ. ಸಹಾಯಕ್ಕೆ ಓಡುವ ಮನಸ್ಸು ಒಳ್ಳೆಯದೇ, ಆದರೆ ಮೊದಲು ಕರೆಂಟು ಕಡಿಯಬೇಕು.

ಬಿದ್ದ ತಂತಿ ಕಂಡರೆ ಕನಿಷ್ಠ 10 ಮೀಟರ್ ದೂರ ನಿಲ್ಲಿರಿ. ದನಗಳನ್ನು ಆ ಗುಡ್ಡೆಗೆ, ಗದ್ದೆಗೆ ಬಿಡಬೇಡಿ. ಒಬ್ಬರು ಕಾವಲು ನಿಂತು ಇನ್ನೊಬ್ಬರು 1912ಕ್ಕೆ ತಿಳಿಸಿರಿ. ಹತ್ತಿರ ಸಿಕ್ಕಿಬಿದ್ದಿದ್ದರೆ ದೊಡ್ಡ ಹೆಜ್ಜೆ ಹಾಕಿ ಓಡಬೇಡಿ, ಎರಡೂ ಪಾದ ಜೋಡಿಸಿಕೊಂಡು ಉಜ್ಜುತ್ತಾ ದೂರ ಸರಿಯಿರಿ.

ಶಾಕ್ ಹೊಡೆದಾಗ

ಮೊದಲು ಮೈನ್ ಸ್ವಿಚ್ಚು ಆಫ್. ಅದು ಕೂಡಲೇ ಆಗದಿದ್ದರೆ, ಮನೆಯ ಲೈನಾದರೆ ಮಾತ್ರ, ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ವೈರನ್ನು ದೂಡಿರಿ. ಹಸಿ ಬಿದಿರು, ಒದ್ದೆ ಕೋಲು, ಅಲ್ಯೂಮಿನಿಯಂ ದೋಟಿ ಮುಟ್ಟಬೇಡಿ. ಬಿದ್ದವರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕಂಬದ ಲೈನು ತಂತಿಯಾದರೆ ಮೆಸ್ಕಾಂನವರು ಕರೆಂಟು ಕಡಿಯುವವರೆಗೆ ಹತ್ತಿರ ಹೋಗಲೇಬಾರದು.

ಕರೆಂಟು ಕಡಿದ ಮೇಲೆ 108ಕ್ಕೆ ಕರೆ ಮಾಡಿಸಿರಿ. ಕರೆದರೆ ಮಾತಾಡುವುದಿಲ್ಲ, ಉಸಿರೂ ಇಲ್ಲ ಎಂದಾದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನು ಇಟ್ಟು, ತೋಳು ನೇರ ಮಾಡಿ, 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿರಿ. ಅಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ. ಎದ್ದು ಕುಳಿತವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು. ಹೃದಯದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಹಟ್ಟಿಯಲ್ಲಿ ದನ ಏಕಾಏಕಿ ಬಿದ್ದಿದ್ದರೆ ಒಳಗೆ ನುಗ್ಗಬೇಡಿ. ಅದನ್ನು ಕೆಡವಿದ ಕರೆಂಟು ನೆಲದಲ್ಲಿ ಇನ್ನೂ ಇರಬಹುದು. ಮೈನ್ ಆಫ್ ಮಾಡಿದ ಮೇಲೆಯೇ ಕಾಲಿಡಿರಿ. ದನ ಸತ್ತಿದ್ದರೆ ಅವಸರದಿಂದ ಹೂಳಬಾರದು. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಮೆಸ್ಕಾಂ ಶಾಖಾ ಕಚೇರಿಗೂ ಪೊಲೀಸ್ ಠಾಣೆಗೂ ತಿಳಿಸಿರಿ. ವಿಮೆ ಇದ್ದರೆ ಕಿವಿಯೋಲೆ ಜೋಪಾನ ಮಾಡಿ, ಸಂಘದ ಕಾರ್ಯದರ್ಶಿಯವರಿಗೆ ಅಂದೇ ತಿಳಿಸಿರಿ. ವಿದ್ಯುತ್ತಿನಿಂದ ಪ್ರಾಣಿ ಸತ್ತರೂ ವಿದ್ಯುತ್ ಪರಿವೀಕ್ಷಕರ ತನಿಖೆಗೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಲ್ಲಿ ಅವಕಾಶವಿದೆ. ಪರಿಹಾರದ ಪ್ರಶ್ನೆ ತೀರ್ಮಾನವಾಗುವಾಗ ಆ ವರದಿ ಮುಖ್ಯವಾಗುತ್ತದೆ.

ಪತ್ತನಾಜೆಯೊಳಗೆ ಇಷ್ಟು ಮಾಡಿರಿ

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ನಾವು ಮಾಡು ಸರಿಪಡಿಸುತ್ತೇವೆ, ಕಟ್ಟಿಗೆ ಒಳಗಿಡುತ್ತೇವೆ, ಬೈಹುಲ್ಲು ಮುಚ್ಚುತ್ತೇವೆ. ಆ ಪಟ್ಟಿಗೆ ಇವನ್ನೂ ಸೇರಿಸಿರಿ:

- ಹಟ್ಟಿಯ ವೈರು, ಹೋಲ್ಡರ್, ಸ್ವಿಚ್ಚುಗಳನ್ನು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ನೋಡಿಸುವುದು.
- ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಹಾಕಿಸುವುದು, ಇದ್ದರೆ ಗುಂಡಿ ಒತ್ತಿ ಪರೀಕ್ಷಿಸುವುದು.
- ಅರ್ತ್ ತಂತಿ ತುಂಡಾಗಿಲ್ಲವೇ, ಪೈಪಿಗೆ ಬಿಗಿಯಾಗಿ ಕೂತಿದೆಯೇ ಎಂದು ನೋಡಿಸುವುದು, ತಡೆಯನ್ನು ಅಳೆಯಿಸುವುದು. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕುವುದು.
- ಬೈಹುಲ್ಲಿನ ಅಟ್ಟದ ಮೇಲಿನ ವೈರನ್ನು ಬೇರೆ ದಾರಿಯಲ್ಲಿ ಸಾಗಿಸುವುದು.
- ಲೈನಿಗೆ ತಾಗುವ ಗೆಲ್ಲುಗಳಿದ್ದರೆ ಮೆಸ್ಕಾಂನವರಿಗೆ ಹೇಳಿ ಕಡಿಸುವುದು.
- ಕಬ್ಬಿಣದ ಬಟ್ಟೆ ತಂತಿಯನ್ನು ತೆಗೆಯುವುದು.
- ಹಂದಿಯ ಕಾಟವೆಂದು ಬೇಲಿಗೆ ನೇರವಾಗಿ ಕರೆಂಟು ಕೊಡದಿರುವುದು. ಅದು ಅಪರಾಧ, ಸಾಯುವವರು ನೆರೆಯವರ ಮಕ್ಕಳೂ ಆಗಬಹುದು.
- ಮೈನ್ ಸ್ವಿಚ್ಚು ಎಲ್ಲಿದೆ, ಹೇಗೆ ಆಫ್ ಮಾಡುವುದು ಎಂದು ಮನೆಯ ಮಕ್ಕಳಿಗೂ ಹಿರಿಯರಿಗೂ ತೋರಿಸಿಕೊಡುವುದು.

ನಮ್ಮ ಅನೇಕ ಹಟ್ಟಿಗಳಲ್ಲಿ ಬೆಳಗಿನ ಹಾಲು ಕರೆಯುವವರು ಹೆಣ್ಣುಮಕ್ಕಳು. ವೈರಿಂಗ್ ಮಾಡಿಸುವ ತೀರ್ಮಾನ ಮಾತ್ರ ಗಂಡಸರದು. ಆದುದರಿಂದ ಈ ಲೇಖನವನ್ನು ಮನೆಯಲ್ಲಿ ಎಲ್ಲರೂ ಓದಿರಿ, ಓದಲು ಆಗದವರಿಗೆ ಓದಿ ಹೇಳಿರಿ. “ಸ್ವಲ್ಪ ಜುಮ್ಮೆನ್ನುತ್ತದೆ” ಎಂದು ಮನೆಯವರು ಹೇಳಿದ ದಿನವೇ ಆ ಲೈನಿನ ಸ್ವಿಚ್ಚು ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬರುವವರೆಗೆ ಟಾರ್ಚಿನ ಬೆಳಕಿನಲ್ಲೇ ಹಾಲು ಕರೆಯಿರಿ. ಡಿಪೋಗೆ ಹಾಲು ಹತ್ತು ನಿಮಿಷ ತಡವಾದರೆ ತೊಂದರೆಯಿಲ್ಲ, ಕರೆಯುವ ಕೈ ಇದ್ದರೆ ನಾಳೆಯೂ ಹಾಲು ಇದೆ.